ಸಭಾಧೈರ್ಯಮೀಮಾಂಸೆ

ಬಾಲಗಾಯಕರಲ್ಲಿ ಅಭ್ಯಾಸಾವೃತ್ತಿಯಿಂದ ಉತ್ಪನ್ನವಾಗತಕ್ಕ ವೇದಿಕಾಭಿಮುಖ ಆತ್ಮಪ್ರತ್ಯಯವು ಪ್ರತ್ಯಕ್ಷಗೋಚರವೇ, ಅನುಮಾನಗಮ್ಯವೇ, ಅಥವಾ ಮಾತಾಪಿತೃಗಳ ಆಪ್ತವಾಕ್ಯದಿಂದ ಮಾತ್ರ ಸಿದ್ಧಿಸತಕ್ಕುದೇ ಎಂಬ ಪ್ರಶ್ನೆಯನ್ನು ಕೊಚ್ಚಿಯ ಒಂದು ಸಭಾಂಗಣದಲ್ಲಿ ಊಟದ ಹೊತ್ತು ಮೀರುವವರೆಗೆ ಮಥಿಸಿ, ಒಂದು ಸ್ವರವನ್ನೂ ಹಾಡದೆ, ಹಾಡಿಸದೆ ಎದ್ದುಹೋದ ವಿದ್ವನ್ಮಣಿಗಳಿಗೆ ಈ ಪ್ರಬಂಧವು ಸಾದರ ಸಮರ್ಪಿತವಾಗಿದೆ.

ಸಾಧಕರು ಪಂಚವಿಧ. ಪ್ರಾತಃಕಾಲದಲ್ಲೆದ್ದು, ಶ್ರುತಿ ಸೇರಿಸಿ, ಮಾಯಾಮಾಳವಗೌಳದ ಸರಳೆ ಜಂಟಿಗಳನ್ನು ಮೂರು ಕಾಲಗಳಲ್ಲಿ ಹಾಡುವವನು ನಿತ್ಯಸಾಧಕ. ವಲ್ಲಾರ್ಪಾಡಂ ದ್ವೀಪದಿಂದ ಗೋಶ್ರೀ ಸೇತುವೆಗಳನ್ನು ದಾಟುವ ಬಸ್ಸಿನಲ್ಲಿ ಕುಳಿತು, ಕಂಟೇನರ್ ಲಾರಿಗಳ ಘೋಷವನ್ನೇ ಆಧಾರಷಡ್ಜವೆಂದು ಭಾವಿಸಿ, ಕಳೆದ ವಾರದ ಪಾಠವನ್ನು ಗುನುಗಿಕೊಳ್ಳುವವನು ಯಾನಸಾಧಕ. ಗುರುಗಳ ಕೆಮ್ಮು ಕೇಳಿಸಿದ ಮೇಲೆ ಪುಸ್ತಕ ತೆರೆಯುವವನು ಆಸನ್ನಸಾಧಕ. ಉಳಿದೆರಡು ವರ್ಗಗಳನ್ನು ವಿವರಿಸುವ ಉತ್ಸಾಹ ಈ ಮೀಮಾಂಸಕನಿಗಿಲ್ಲ; ವಾಚಕರು ತಂತಮ್ಮ ಮನೆಯ ಮಕ್ಕಳನ್ನು ನೋಡಿ ತುಂಬಿಕೊಳ್ಳಬಹುದು.

ಇನ್ನು ಪೂರ್ವಪಕ್ಷ. ವೇದಿಕೆಯ ಭಯಕ್ಕೆ ವೇದಿಕೆಯೇ ಔಷಧ. ಆದಕಾರಣ ಮಗುವನ್ನು ಎಷ್ಟು ಬಾರಿ ವೇದಿಕೆಗೆ ಏರಿಸಿದರೆ ಅಷ್ಟು ಧೈರ್ಯ. ಇದು ಸಭೆಯ ಸರ್ವಸಮ್ಮತ ಸಿದ್ಧಾಂತ.

1957ರಲ್ಲಿ ಎರ್ನಾಕುಳಂನಲ್ಲಿ ಆರಂಭವಾದ ಕೇರಳದ ಶಾಲಾ ಯುವಜನೋತ್ಸವವು ಇಂದು ಕಲೋತ್ಸವವೆಂಬ ಹೆಸರಿನಿಂದ ಸಹಸ್ರಾರು ಮಕ್ಕಳಿಗೆ ವೇದಿಕೆಯನ್ನು ಕೊಡುತ್ತಿದೆ. ಅದು ಸ್ತುತ್ಯವೇ ಸರಿ. ಆದರೆ ಅದರ ನೆರಳಿನಲ್ಲಿ ಹಬ್ಬಿಕೊಂಡಿರುವ ಅಭ್ಯಾಸಕ್ರಮವನ್ನು ಏನೆನ್ನೋಣ? ವರ್ಷವೆಲ್ಲ ಒಂದೇ ಕೃತಿ, ಗುರುಗಳು ಬರೆದುಕೊಟ್ಟ ಆಲಾಪನೆ, ಉರುಹೊಡೆದ ಕಲ್ಪನಾಸ್ವರ! ಗೆದ್ದರೆ ಗ್ರೇಸ್ ಮಾರ್ಕು, ಸೋತರೆ ಅಪೀಲು. ನಡುವೆ ಒಂದು ಸ್ವರ ಜಾರಿತೆಂದರೆ ಹುಡುಗಿ ನಿಂತಲ್ಲೇ ಕಂಗೆಡುತ್ತಾಳೆ. ಕಂಗೆಡದೆ ಏನು ಮಾಡಿಯಾಳು? ಅವಳಿಗೆ ಯಾರೂ ರಾಗವನ್ನು ಕಲಿಸಿಲ್ಲ. ಕೆಲವು ನಿಮಿಷಗಳನ್ನು ಕಲಿಸಿದ್ದಾರೆ. ಆ ಮೇಲೆ ಅವಳಿಗೆ ಆತ್ಮವಿಶ್ವಾಸ ಸಾಲದೆಂದು ಶಿಬಿರಕ್ಕೆ ಕಳುಹಿಸುತ್ತಾರೆ, ಪುನಃ ಶುಲ್ಕ ತೆತ್ತು! ಮಗುವಿನ ಕಾಲಡಿಯಿಂದ ನೆಲವನ್ನೇ ಕಿತ್ತುಕೊಂಡು ನಡುಗುತ್ತೀಯೇಕೆ ಎಂದು ಗದರಿಸುವ ಈ ಪಾಂಡಿತ್ಯಕ್ಕೆ ಪರಿಭಾಷೆಯ ಗೌರವವನ್ನು ಇನ್ನು ಕೊಡಲಾರೆ.

ಇನ್ನು ಪೂರ್ವಪಕ್ಷಕ್ಕೆ ಪ್ರತಿದೃಷ್ಟಾಂತ. ನಮ್ಮ ಮೈಸೂರಿನ ಆಸ್ಥಾನದಲ್ಲಿದ್ದು ಚಾಮುಂಡೇಶ್ವರಿಯನ್ನು ಕುರಿತು ಕನ್ನಡದಲ್ಲಿ ಕೃತಿಗಳನ್ನು ರಚಿಸಿದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು, 1939ರಲ್ಲಿ ತಿರುವನಂತಪುರದಲ್ಲಿ ಸ್ಥಾಪಿತವಾದ ಸಂಗೀತ ವಿದ್ಯಾಲಯಕ್ಕೆ ಮೊದಲ ಮುಖ್ಯಸ್ಥರಾದರು. ಆ ವಿದ್ಯಾಲಯದಲ್ಲಿ ಕಲಿತ ಗಾಯಕಿ ಪಾರಶ್ಶಾಲ ಪೊನ್ನಮ್ಮಾಳ್ ಅವರಿಗೆ ಅದೇ ಊರಿನ ನವರಾತ್ರಿ ಮಂಟಪದ ವೇದಿಕೆ ದಶಕಗಳ ಕಾಲ ಮುಚ್ಚಿಯೇ ಇತ್ತು, ಸ್ತ್ರೀಯರು ಅಲ್ಲಿ ಹಾಡತಕ್ಕುದಲ್ಲವೆಂಬ ಕಟ್ಟಳೆಯಿಂದ. 2006ರಲ್ಲಿ ಆ ಕಟ್ಟಳೆ ಮುರಿದಾಗ ಅವರಿಗೆ ಎಂಬತ್ತು ದಾಟಿತ್ತು. ಆ ಮಂಟಪದಲ್ಲಿ ಶ್ರೋತೃಗಳು ಚಪ್ಪಾಳೆ ತಟ್ಟುವ ಪದ್ಧತಿಯಿಲ್ಲ; ಗಾಯಕರಿಗೆ ಹೊರಗಿನಿಂದ ಬರುವ ಆಶ್ವಾಸನೆ ಏನೂ ಇಲ್ಲ. ಅಷ್ಟು ವರ್ಷ ಆ ವೇದಿಕೆಯನ್ನೇ ಏರದಿದ್ದವರು ಅಂದು ಕುಳಿತು ಹಾಡಿದರು. ಪೂರ್ವಪಕ್ಷಿಗಳು ಇದಕ್ಕೆ ಉತ್ತರಿಸಲಿ.

ಮಾತಾಪಿತೃಗಳಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ಮಗು ಸರಳೆ ಹಾಡುವಾಗ ಫೋನು ಹಿಡಿದು ಎದುರಿಗೆ ನಿಲ್ಲಬೇಡಿ, ಅತಿಥಿಗಳ ಮುಂದೆ ಹಾಡಿಸಬೇಡಿ. ತಪ್ಪು ಹಾಡುವುದಕ್ಕೆ ಅದಕ್ಕೊಂದು ಕೋಣೆಯನ್ನು ಕೊಟ್ಟು, ದಯವಿಟ್ಟು ನೀವು ಹೊರಗಿರಿ.