ನಾವು ಪೂರ್ತಿ ತೃಪ್ತರು, ಸರ್!

ವಿಶ್ವವಿದ್ಯಾಲಯದ ವಾಣಿಜ್ಯಶಾಸ್ತ್ರ ಅಧ್ಯಯನ ಮಂಡಳಿಯ ಮಾನ್ಯ ಅಧ್ಯಕ್ಷರಿಗೆ,

ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್ ತಂಡ ಬರುವ ಮುಂಚಿನ ವಾರ ನಮ್ಮ ಕಾಲೇಜಿನಲ್ಲಿ ಬಿ.ಕಾಂ. ಗುಣಮಟ್ಟದ ಬಗ್ಗೆ ವಿದ್ಯಾರ್ಥಿಗಳ ಅಭಿಪ್ರಾಯ ಕೇಳಿದರು. ಅವತ್ತು ಲ್ಯಾಬಿನ ಕಂಪ್ಯೂಟರುಗಳೆಲ್ಲ ಚಾಲೂ ಇದ್ದವು. ಬಾಗಿಲಲ್ಲಿ ನಿಂತ ಸರ್, "ಎಲ್ಲದಕ್ಕೂ 'ಅತ್ಯುತ್ತಮ' ಒತ್ರಿ, ಒಂದೆರಡು ಕಡೆ 'ಉತ್ತಮ' ಇರಲಿ, ನಿಜ ಅನ್ನಿಸ್ಬೇಕು" ಅಂದರು. ನಮಗೆ ಸಿಕ್ಕ ಏಕೈಕ ಪ್ರಾಕ್ಟಿಕಲ್ ಕ್ಲಾಸ್ ಅದೇ. ವಿಂಡೋ ಡ್ರೆಸಿಂಗ್, ಅಂದರೆ ಲೆಕ್ಕವನ್ನು ಇದ್ದದ್ದಕ್ಕಿಂತ ಚೆಂದ ತೋರಿಸುವುದರ ಬಗ್ಗೆ ಆಡಿಟಿಂಗ್ ಪೇಪರಿನಲ್ಲಿ ಟಿಪ್ಪಣಿ ಬರೆದಿದ್ದೆವು. ಕೈಯಾರೆ ಮಾಡಿದ್ದು ಅವತ್ತೇ. ಲೆಕ್ಕ ಉಬ್ಬಿಸಿದ್ದನ್ನು ಸತ್ಯಂ ಕಂಪನಿಯ ರಾಮಲಿಂಗ ರಾಜು 2009ರ ಜನವರಿಯಲ್ಲಿ ಪತ್ರ ಬರೆದು ಒಪ್ಪಿಕೊಂಡರು. ಆ ಮಟ್ಟಕ್ಕೆ ನಾವಿನ್ನೂ ಏರಿಲ್ಲ, ಆದರೂ ಪತ್ರ ಬರೆಯುತ್ತಿದ್ದೇವೆ.

ಟ್ಯಾಲಿ ಕಂಪನಿ ಇರುವುದು ಬೆಂಗಳೂರಿನಲ್ಲೇ. ಅದರ ಲೆಕ್ಕದ ಸಾಫ್ಟ್‌ವೇರನ್ನು ನಾವು ಕಲಿತದ್ದು ರೆಕಾರ್ಡ್ ಬುಕ್ಕಿನಲ್ಲಿ: ಸ್ಕೇಲಿಟ್ಟು ಪರದೆಯ ಚಿತ್ರ ಬಿಡಿಸಿ, ಸಹಿ ಹಾಕಿಸಿಕೊಂಡು. ಎಫ್8 ಅಂದರೆ ಸೇಲ್ಸ್, ಎಫ್9 ಅಂದರೆ ಪರ್ಚೇಸ್. ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತೇವೆ.

ಹೋದ ವರ್ಷ ರ‍್ಯಾಂಕ್ ಬಂದ ಸೀನಿಯರ್ ಅಕ್ಕ ಆಡಿಟರ್ ಆಫೀಸಿಗೆ ಸೇರಿದರು. "20ನೇ ತಾರೀಕಿನೊಳಗೆ ಜಿಎಸ್‌ಟಿ 3ಬಿ ಫೈಲ್ ಆಗಬೇಕು, ಬಿಲ್ಲುಗಳನ್ನ 2ಬಿ ಜೊತೆ ತಾಳೆ ನೋಡಮ್ಮ" ಅಂದರಂತೆ ಆಡಿಟರ್. ಜಿಎಸ್‌ಟಿಯ ಅನುಕೂಲಗಳನ್ನು ಅಕ್ಕ ಹತ್ತು ಪಾಯಿಂಟಿನಲ್ಲಿ ಹೇಳಬಲ್ಲರು. ಪಾಪ, ಅದನ್ನು ಯಾರೂ ಕೇಳಲಿಲ್ಲ.

ಪಠ್ಯಕ್ರಮದ ಬಗ್ಗೆ ಒಂದೇ ಕೋರಿಕೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ. ಪ್ರೀವಿಯಸ್ ಇಯರ್, ಅಸೆಸ್‌ಮೆಂಟ್ ಇಯರ್ ಎರಡೂ ಹೋಗಿ ಟ್ಯಾಕ್ಸ್ ಇಯರ್ ಒಂದೇ ಉಳಿಯಿತು. 'ಇವೆರಡರ ವ್ಯತ್ಯಾಸ ತಿಳಿಸಿ' ಎಂಬ ಪ್ರಶ್ನೆಯನ್ನು ಮಾತ್ರ ದಯವಿಟ್ಟು ಕೈಬಿಡಬೇಡಿ. ಗ್ಯಾರಂಟಿ ಐದು ಅಂಕ. ಬದಲಾವಣೆ ತಮಗೆ ಹೊಸದಲ್ಲ ಬಿಡಿ. 2021ರಲ್ಲಿ ನಾಲ್ಕು ವರ್ಷದ್ದಾದ ಪದವಿ 2024ರಲ್ಲಿ ನಾವು ಸೇರುವಷ್ಟರಲ್ಲಿ ಮತ್ತೆ ಮೂರಕ್ಕೆ ಬಂತು.

ಬಾಗಿಲಲ್ಲಿ ನಿಂತಿದ್ದ ಸರ್ ಮೇಲೆ ನಮಗೆ ಸಿಟ್ಟಿಲ್ಲ. ಅತಿಥಿ ಉಪನ್ಯಾಸಕರು. ಗೌರವಧನ ಬಾರದ ತಿಂಗಳಲ್ಲೂ ಕನ್ಸೈನ್‌ಮೆಂಟ್ ಲೆಕ್ಕವನ್ನು ಬೋರ್ಡಿನ ಮೇಲೆ ಎರಡೆರಡು ಸಲ ಬಿಡಿಸಿ ತೋರಿಸಿದವರು. ಅದನ್ನು ಬರೆಯೋಣವೆಂದರೆ ಫಾರಂನಲ್ಲಿ ಕಾಲಂ ಇರಲಿಲ್ಲ.

ನಮ್ಮ ಅಭಿಪ್ರಾಯಕ್ಕೂ ನಾವು ಒತ್ತಿದ ಉತ್ತರಕ್ಕೂ ಬಂದ ವ್ಯತ್ಯಾಸವನ್ನು ಸದ್ಯಕ್ಕೆ ಸಸ್ಪೆನ್ಸ್ ಅಕೌಂಟಿಗೆ ಹಾಕಿದ್ದೇವೆ. ಯಾವ ವರ್ಷ ಅದನ್ನು ಮುಚ್ಚಬೇಕೆಂದು ತಾವೇ ಸುತ್ತೋಲೆ ಹೊರಡಿಸಬೇಕು.

ಇಂತಿ ತಮ್ಮ ವಿಧೇಯ,
ಅಂತಿಮ ಬಿ.ಕಾಂ. ವಿದ್ಯಾರ್ಥಿನಿ