ಫೆರಿಗೆ ರಾಜಮರ್ಯಾದೆ

ಜಗತ್ತಿನಲ್ಲೇ ದೊಡ್ಡದೆಂದು ಮೀಸೆ ತಿರುವುತ್ತಿದ್ದ ನೌಕಾಪಡೆ ಬ್ರಿಟನ್ನಿನದು. ಆದರೂ 1918ರಲ್ಲಿ ಜರ್ಮನ್ನರ ಕೈಯಲ್ಲಿದ್ದ ಬೆಲ್ಜಿಯಂನ ಜೀಬ್ರುಗ್ ಬಂದರಿನ ಮೇಲೆ ದಾಳಿ ಮಾಡಬೇಕಾದಾಗ ಅದು ಕೈಚಾಚಿದ್ದು ಮರ್ಸಿ ನದಿಯಲ್ಲಿ ಲಿವರ್‌ಪೂಲಿಗೆ ಜನ ದಾಟಿಸುತ್ತಿದ್ದ ಎರಡು ಫೆರಿಗಳಿಗೆ. ವಾಲಸಿ ಪುರಸಭೆಯ ಸೊತ್ತು. ಹೆಸರು ಐರಿಸ್, ಡ್ಯಾಫೋಡಿಲ್. ಹೂವಿನ ಹೆಸರಿನ ಯುದ್ಧನೌಕೆಗಳು ಪಡೆಯಲ್ಲಿ ಆಗಲೇ ಇದ್ದವಂತೆ, ಹಾಗಾಗಿ ಇವು ಐರಿಸ್ 2, ಡ್ಯಾಫೋಡಿಲ್ 4 ಆದವು. ತಳ ನೀರಿನಲ್ಲಿ ಹೆಚ್ಚು ಆಳಕ್ಕೆ ಇಳಿಯದು, ಮೈನುಗಳ ಮೇಲೆ ಹಾಯ್ದುಹೋದಾವು ಎಂಬುದು ಲೆಕ್ಕಾಚಾರ. ಲೆಕ್ಕ ದೊರೆಗಳದು, ತಳ ಫೆರಿಯದು.

ಬ್ರೂಜ್‌ನಿಂದ ಕಾಲುವೆಯಲ್ಲಿ ಬರುವ ಜರ್ಮನ್ ಸಬ್‌ಮರೀನುಗಳಿಗೆ ದಾರಿ ಕಟ್ಟಲು ಕಾಲುವೆಯ ಬಾಯಲ್ಲಿ ಕಾಂಕ್ರೀಟು ತುಂಬಿದ ಮೂರು ಹಡಗುಗಳನ್ನು ಮುಳುಗಿಸುವುದು ಯೋಜನೆ. ಶತ್ರುವಿನ ಕಣ್ಣು ಬೇರೆಡೆ ಸೆಳೆಯಲು ವಿಂಡಿಕ್ಟಿವ್ ಎಂಬ ಹಳೆಯ ಕ್ರೂಸರ್ ಬಂದರಿನ ಕಲ್ಲುಕಟ್ಟೆಗೆ ಸೈನಿಕರನ್ನು ಇಳಿಸಬೇಕು. ಏಪ್ರಿಲ್ 22ರ ನಡುರಾತ್ರಿ ಅಲೆಗಳಿಗೆ ಸಿಕ್ಕಿ ಅದು ಕಟ್ಟೆಗೆ ಅಂಟಿಕೊಳ್ಳಲೇ ಇಲ್ಲ. ಕೊನೆಗೆ ಡ್ಯಾಫೋಡಿಲ್ ಮೂತಿಯೂರಿ ಅದನ್ನು ಒತ್ತಿ ಹಿಡಿಯಿತು. ಸ್ವಲ್ಪ ಒತ್ತಿ ಬಿಡುವುದೆಂದು ಮಾತಾಗಿತ್ತು. ಕಾಳಗ ಮುಗಿಯುವವರೆಗೂ ಒತ್ತುತ್ತಲೇ ನಿಂತಿತು. 80 ಪೌಂಡ್ ಒತ್ತಡದ ಬಾಯ್ಲರನ್ನು 160ಕ್ಕೆ ಏರಿಸಿ, ಕೆಳಗೆ ಕಲ್ಲಿದ್ದಲು ಎತ್ತುತ್ತಿದ್ದವರಿಗೆ ಮೇಲೆ ಯಾವ ವೀರಗಾಥೆ ನಡೆದಿದೆಯೋ ಕಾಣುವಂತಿರಲಿಲ್ಲ.

ಐರಿಸ್‌ಗೆ ಕಟ್ಟೆಯ ಮೇಲೆ ಕೊಕ್ಕೆ ಹಾಕಲು ಆಗಲೇ ಇಲ್ಲ. ಅದರಲ್ಲಿದ್ದ 56 ಸೈನಿಕರ ನಡುವೆ ಸಿಡಿದ ಒಂದೇ ಗುಂಡಿಗೆ 49 ಮಂದಿ ಸತ್ತರು.

ಕೆಲವೇ ದಿನಗಳಲ್ಲಿ ಜರ್ಮನ್ನರು ಮುಳುಗಿದ ಹಡಗುಗಳ ಪಕ್ಕದ ಹೂಳೆತ್ತಿ ಸಬ್‌ಮರೀನುಗಳನ್ನು ಹೊರಬಿಟ್ಟರು. ಅವರ ದೊರೆ ಕೈಸರ್ ಖುದ್ದಾಗಿ ಬಂದು ಕಟ್ಟೆ ನೋಡಿ ಹೋದ. ಲಂಡನ್ನಿನಲ್ಲೋ, ಮಹಾವಿಜಯ! ದಂಡನಾಯಕ ರೋಜರ್ ಕೀಸ್ ಸರ್ ಆದರು. ಇನ್ನೂರಕ್ಕೂ ಮಿಕ್ಕ ಶವಗಳಿಗೆ ಎಂಟು ವಿಕ್ಟೋರಿಯಾ ಕ್ರಾಸ್ ಪದಕ; ಎಲ್ಲರೂ ವೀರರೇ ಆದ ಕಾರಣ ಅವುಗಳಲ್ಲಿ ಕೆಲವನ್ನು ಬದುಕುಳಿದವರ ಮತ ಹಾಕಿಸಿ ಹಂಚಿದರು. ಡ್ಯಾಫೋಡಿಲ್‌ನವರಿಗೆ ಒಂದೂ ಬರಲಿಲ್ಲ. ಬಾಯ್ಲರಿನ ಕ್ಷೇತ್ರಕ್ಕೆ ಪ್ರಚಾರ ಸಾಲದೇ ಹೋಯಿತೇನೋ.

ಹಾಗೆಂದು ಫೆರಿಯನ್ನು ಮರೆತರೆನ್ನಲಾಗದು. ಐದನೆಯ ಜಾರ್ಜ್ ದೊರೆ ಎರಡಕ್ಕೂ ‘ರಾಯಲ್’ ಎಂಬ ಬಿರುದು ದಯಪಾಲಿಸಿದ. ಖರ್ಚೆಂದರೆ ಒಂದಿಷ್ಟು ಬಣ್ಣ. ರಾಯಲ್ ಡ್ಯಾಫೋಡಿಲ್ ಮತ್ತೆ ಮರ್ಸಿಗೆ ಬಂದು, ಕಟ್ಟೆಗೆ ಒತ್ತಿ ನಿಂತು, ಜನರನ್ನು ಇಳಿಸತೊಡಗಿತು. ಇಲ್ಲಿ ಹಗ್ಗ ಕಟ್ಟುವವರಾದರೂ ಇದ್ದರು.