ಗೃಹಮತ್ಸ್ಯ ಧರ್ಮವಿಚಾರ

ಹೊಳೆಯ ಮೀನನ್ನು ಹಿಡಿದು ತಂದು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವುದು ಧರ್ಮವೋ ಅಧರ್ಮವೋ ಎಂಬುದು ಈ ಶಾಸ್ತ್ರದ ವಿಷಯ. ಅದೇ ಮೀನನ್ನು ಸಾರಿಗೆ ಹಾಕುವುದು ಇದರ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಬೇರೆಯೇ ಶಾಸ್ತ್ರವಿದ್ದು, ಹುಣಸೆಹುಳಿಯ ಪ್ರಮಾಣದ ವಿಷಯ ಬಿಟ್ಟರೆ ಅಲ್ಲಿ ಭಿನ್ನಮತವಿಲ್ಲ. ಕಾವೇರಿ ದಡದ ಚುಂಚನಕಟ್ಟೆಯ ಆಚೀಚೆ ಭಾನುವಾರ ಬಲೆಗೆ ಬಿದ್ದ ಪಕ್ಕೆ ಮೀನುಗಳಲ್ಲಿ ಬಾಣಲೆ ಸೇರಿದವುಗಳ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ. ಮಗುವಿನ ಹಠಕ್ಕೆ ಬಾಟಲಿ ಸೇರಿದ ಒಂದರ ಬಗ್ಗೆ ಮಾತ್ರ, ಕರಿದ ಮೀನು ಮುಗಿಸಿ ಕೈ ತೊಳೆದ ಮೇಲೆ, ಮನೆಮಂದಿಯೆಲ್ಲ ‘ಪಾಪ ಕಣೋ, ಬಿಟ್ಟುಬಿಡು’ ಎನ್ನುತ್ತಾರೆ. ಕೊಂದವನಿಗಿಲ್ಲದ ಪಾಪ ಸಾಕಿದವನಿಗೆ ಅಂಟಿದ್ದು ಹೇಗೆ ಎಂಬುದೇ ಮೂಲಪ್ರಶ್ನೆ.

ಸಾಕುವುದು ಧರ್ಮವೇ ಎನ್ನುವ ಪೂರ್ವಪಕ್ಷದವರು ಭಾಗವತದ ಎಂಟನೆಯ ಸ್ಕಂಧವನ್ನು ಮುಂದಿಡುತ್ತಾರೆ. ಕೃತಮಾಲಾ ನದಿಯಲ್ಲಿ ತರ್ಪಣ ಕೊಡುತ್ತಿದ್ದ ಸತ್ಯವ್ರತನ ಬೊಗಸೆಗೆ ಮರಿಮೀನೊಂದು ಬಂತು. ಅವನು ಅದನ್ನು ಕಮಂಡಲುವಿನಲ್ಲಿಟ್ಟ, ಬೆಳೆಯಿತು. ಕೊಡಕ್ಕೆ, ಕೊಡದಿಂದ ಕೆರೆಗೆ, ಕೊನೆಗೆ ಸಮುದ್ರಕ್ಕೆ ಸಾಗಿಸಿದ. ಎರಡಡಿ ತೊಟ್ಟಿ ಮಾರಿದ ಅಂಗಡಿಯವರು ಆರು ತಿಂಗಳಿಗೆ ನಾಲ್ಕಡಿಯದನ್ನು ತೋರಿಸುವುದಕ್ಕೆ ಇದೇ ಆಧಾರವಿರಬೇಕು. ಆದರೆ ಸತ್ಯವ್ರತನ ಮೀನು ತನಗೆ ಜಾಗ ಸಾಲದೆಂದು ಬಾಯಿಬಿಟ್ಟು ಹೇಳಿತ್ತು, ಪಕ್ಕೆ ಹೇಳುವುದಿಲ್ಲ. ಹನ್ನೆರಡನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ನಿಲುವು ಇನ್ನೂ ಸರಳ. ಅವನ ‘ಮಾನಸೋಲ್ಲಾಸ’ದ ಮತ್ಸ್ಯವಿನೋದ ಪ್ರಕರಣದಲ್ಲಿ ಮೀನಿಗೆ ಮೊದಲು ಮೇವು, ಆಮೇಲೆ ಗಾಳ.

ಸ್ಥಳೀಯ ಸಮಸ್ಯೆ ಬಿಳಿಮೀನಿನದು, ಅಂದರೆ ಕಾವೇರಿಯ ಡುಬ್ಬದ ಮಹಶೀರ್. ಇದರ ಮರಿ ಬಾಟಲಿಯಲ್ಲಿ ಹಿಡಿಸುತ್ತದೆ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರ ಗಾಳಕ್ಕೆ ಬಿದ್ದದ್ದು 120 ಪೌಂಡ್ ತೂಗಿತು. ಆ ಕುಟುಂಬದ ಕಸುಬು ಸತ್ತ ಹುಲಿಗಳಿಗೆ ಜೀವಕಳೆ ತುಂಬಿ ನಿಲ್ಲಿಸುವುದಾಗಿತ್ತು, ಆದ್ದರಿಂದ ಗಾತ್ರ ಅವರನ್ನು ಕಂಗೆಡಿಸಿರಲಾರದು. ಸಾಮಾನ್ಯ ಗೃಹಸ್ಥನ ನಡುಮನೆಗೆ ಆ ಸೌಕರ್ಯವಿಲ್ಲ. ಈ ಮೀನಿನ ಶಾಸ್ತ್ರೀಯ ಹೆಸರು ಟಾರ್ ರೆಮಾದೇವಿಯೈ ಎಂದು ಇತ್ಯರ್ಥವಾದದ್ದು 2018ರಲ್ಲಿ. ತೀರ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿದ್ದೂ ಅದೇ ವರ್ಷ. ಮೇಲ್ಹೊಳೆಯ ರಾಮನಾಥಪುರದಲ್ಲಿ ಮಹಶೀರ್ ದೇವರ ಮೀನು. ಭಕ್ತರು ಪುರಿ ಹಾಕುತ್ತಾರೆ, ಯಾರೂ ಹಿಡಿಯುವುದಿಲ್ಲ. ಅದು ಪ್ರವಾಹದಲ್ಲಿ ಕೆಳಗೆ ಕೊಚ್ಚಿಕೊಂಡು ಬಂದರೆ ದೈವತ್ವ ಯಾವ ಸೇತುವೆಯ ಹತ್ತಿರ ಕಳಚುತ್ತದೆ ಎಂಬುದನ್ನು ಪಂಡಿತರು ಇನ್ನೂ ಅಳೆದಿಲ್ಲ.

ಹೊಳೆಯ ಮೀನಿಗೆ ಬೇಕಾದದ್ದು ಹರಿವು. ಬಂಡೆಗೆ ಬಡಿದು ನೊರೆಯಾಗುವ ನೀರಿನಲ್ಲಿ ಆಮ್ಲಜನಕ ಹೆಚ್ಚು, ತಂಪೂ ಹೆಚ್ಚು. ನಿಂತ ನೀರಿನಲ್ಲಿ ಮೀನಿನದೇ ಹೊಲಸು ಅಮೋನಿಯಾ ಆಗಿ ಕಿವಿರನ್ನು ಸುಡುತ್ತದೆ. ಇದಕ್ಕೆ ಪರಿಹಾರವೆಂದು ಗೃಹಸ್ಥನು ಗುಳ್ಳೆ ಬಿಡುವ ಮೋಟರ್ ಕೂರಿಸುತ್ತಾನೆ. ಚುಂಚನಕಟ್ಟೆಯ ಕೋದಂಡರಾಮನ ಗರ್ಭಗುಡಿಯಲ್ಲಿ ನಿಂತರೆ ಪಕ್ಕದ ಜಲಪಾತದ ಭೋರ್ಗರೆತ ಕೇಳಿಸದು ಎಂಬ ಪ್ರತೀತಿ ಇದೆ. ಮನೆಯಲ್ಲಿ ಇದರ ವಿಪರ್ಯಯ: ಜಲಪಾತವಿಲ್ಲ, ಸದ್ದು ರಾತ್ರಿಯಿಡೀ ಇದೆ. ಕರೆಂಟು ಹೋದಾಗ ಮಾತ್ರ ಎಲ್ಲವೂ ನಿಲ್ಲುತ್ತದೆ, ಕೆಲವೊಮ್ಮೆ ಮೀನೂ.

ಮೀನು ಸತ್ತಾಗ ದೃಷ್ಟಿವಾದ ಅನ್ವಯವಾಗುತ್ತದೆ. ಮನೆಗೆ ಬರಬೇಕಿದ್ದ ಕಂಟಕವನ್ನು ಮೀನು ತಾನೇ ಹೊತ್ತುಕೊಂಡಿತು ಎಂಬುದು ಈ ವಾದದ ಸಾರ. ನಲ್ಲಿ ನೀರನ್ನು ಒಂದು ದಿನವೂ ಇಟ್ಟು ಕ್ಲೋರಿನ್ ಹಾರಿಸದೆ ನೇರ ಸುರಿದ ಮನೆಗಳಲ್ಲಿ ಕಂಟಕಗಳು ವಾರಕ್ಕೊಂದರಂತೆ ಪರಿಹಾರವಾಗುತ್ತವೆ. ಇದರಷ್ಟು ಅಗ್ಗದ ಶಾಂತಿಕರ್ಮ ಬೇರೊಂದಿಲ್ಲ.

ಕೊರವ ಮೀನಿನ ಮರಿಯನ್ನೂ ಪಕ್ಕೆಯನ್ನೂ ಒಂದೇ ತೊಟ್ಟಿಗೆ ಬಿಟ್ಟರೆ ಬೆಳಗಾಗುವುದರೊಳಗೆ ಕೊರವ ಒಂದೇ ಉಳಿದಿರುತ್ತದೆ. ದೊಡ್ಡದು ಸಣ್ಣದನ್ನು ನುಂಗುವ ಈ ಮತ್ಸ್ಯನ್ಯಾಯವನ್ನು ತಡೆಯಲೆಂದೇ ಪ್ರಜೆಗಳು ರಾಜನನ್ನು ಆರಿಸಿದರೆಂದು ಅರ್ಥಶಾಸ್ತ್ರ ಹೇಳುತ್ತದೆ. ತೊಟ್ಟಿಯ ರಾಜನಾದರೋ ಅದನ್ನು ನೋಡಲು ನೆಂಟರನ್ನು ಕರೆಯುತ್ತಾನೆ.

ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲೂ ಇರುವ, ಕೆಂಪು ಗೆರೆಯ ‘ಮಿಸ್ ಕೇರಳ’ ಮೀನಿನದು ಬೇರೆ ಬಗೆ. ಅದನ್ನು ಹೊಳೆಗಳಿಂದ ಬಾಚಿ ವಿಮಾನ ಹತ್ತಿಸಿದ್ದರಿಂದ ಸಂತತಿ ಕುಸಿಯಿತು. ಈಗ ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವೂ ಇದೆ. ತೊಟ್ಟಿಯಲ್ಲಿ ಹುಟ್ಟಿದ ಮೀನಿನ ವಿಷಯದಲ್ಲಿ ಈ ಶಾಸ್ತ್ರದ ಅರ್ಧ ಪ್ರಶ್ನೆಗಳು ಬಿದ್ದುಹೋಗುತ್ತವೆ. ಪಂಡಿತರಿಗೆ ಇದರಿಂದ ಬೇಸರವಾಗಿದೆ.

ಉಳಿದದ್ದು ವಿಸರ್ಜನೆ. ಹೊಳೆಯಿಂದ ತಂದದ್ದನ್ನು ರೋಗ ಅಂಟುವ ಮೊದಲೇ ಅದೇ ಹೊಳೆಯ ಅದೇ ಜಾಗಕ್ಕೆ ಬಿಟ್ಟರೆ ದೋಷ ಕಡಿಮೆ. ಅಂಗಡಿಯಿಂದ ತಂದ ದಕ್ಷಿಣ ಅಮೆರಿಕದ ‘ಟ್ಯಾಂಕ್ ಕ್ಲೀನರ್’ ಮೀನನ್ನು ಪುಣ್ಯವೆಂದು ಹೊಳೆಗೆ ಬಿಟ್ಟರೆ, ಅದು ಅಲ್ಲಿ ವಂಶ ಬೆಳೆಸಿ ಮೀನುಗಾರರ ಬಲೆ ಹರಿಯುತ್ತದೆ. ಒಳ್ಳೆಯ ಉದ್ದೇಶದ ದೊಡ್ಡ ಪ್ರಮಾಣದ ವಿಸರ್ಜನೆಗೂ ಉದಾಹರಣೆಯಿದೆ: ಲೋಣಾವಳದ ಹ್ಯಾಚರಿಯಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರನ್ನು ಕಾವೇರಿಗೆ ಬಿಟ್ಟ ಮೇಲೆ ಅದು ಹೆಚ್ಚಿತು, ಡುಬ್ಬದ ಬಿಳಿಮೀನು ಕಡಿಮೆಯಾಯಿತು. ಖಾಲಿಯಾದ ತೊಟ್ಟಿಯಲ್ಲಿ ಕೊತ್ತಂಬರಿ ಬೆಳೆಯಬಹುದು. ಅದರ ಧರ್ಮಾಧರ್ಮದ ಬಗ್ಗೆ ಇನ್ನೂ ಯಾರೂ ಆಕ್ಷೇಪ ಎತ್ತಿಲ್ಲ.